ಟಿ.ವಿ.ಯಲ್ಲಿ ರೈಲು ಪಯಣ: ಮನಸ್ಸು ಹಗುರಾಗಬೇಕಾದರೆ ಹೀಗೆ ನೋಡಿ

“ರೈಲು ಪಯಣದ ವಿಡಿಯೊ ನೋಡಿದರೆ ಮನಸ್ಸು ಹಗುರಾಗುತ್ತದೆ ಅಂತಾರೆ, ನಮಗೆ ಹತ್ತು ನಿಮಿಷಕ್ಕೇ ತಲೆ ಸುತ್ತುತ್ತದೆ, ಯಾಕೆ?” “ಅಪ್ಪನಿಗೆ ಹಾಕಿಕೊಟ್ಟರೆ ನಡುವೆ ಜಾಹೀರಾತು ಬಂತೆಂದು ಎದ್ದು ಹೋಗುತ್ತಾರೆ, ಏನು ಮಾಡಬೇಕು?” “ಸಾವಿರ ವಿಡಿಯೊ ಇವೆ, ಯಾವುದು ನೋಡಬೇಕು?” ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಓದುಗರು ಮತ್ತೆ ಮತ್ತೆ ಕೇಳುವುದು ಇದನ್ನೇ. ವಿಡಿಯೊ ಆಯ್ಕೆ, ಟಿ.ವಿ. ಸೆಟ್ಟಿಂಗ್, ಸದ್ದು, ಕೂರುವ ದೂರ ಇವುಗಳಲ್ಲಿ ಯಾವುದೊಂದು ಎಡವಟ್ಟಾದರೂ ಹಿತವಾಗಬೇಕಾದದ್ದು ಕಿರಿಕಿರಿಯಾಗುತ್ತದೆ. ನಾಲ್ಕನ್ನೂ ಮನೆಯಲ್ಲೇ, ಹೆಚ್ಚು ಖರ್ಚಿಲ್ಲದೆ ಸರಿಮಾಡಿಕೊಳ್ಳಬಹುದು.

ಇದು ಏಕೆ ಹಿತ ಎನ್ನುವುದನ್ನು ಮೊದಲು ತಿಳಿದುಕೊಳ್ಳಿ. ಮುಂದಿನ ಹಂತಗಳೆಲ್ಲ ಅದರ ಮೇಲೇ ನಿಂತಿವೆ. ಧಾರಾವಾಹಿ ನೋಡುವಾಗ ಯಾರಿಗೆ ಯಾರು ಏನಾಗಬೇಕೆಂದು ನೆನಪಿಡಬೇಕು. ಸುದ್ದಿ ನೋಡಿದರೆ ಸಿಟ್ಟು ಬರುತ್ತದೆ. ಕ್ರಿಕೆಟ್‌ನಲ್ಲಿ ಮುಂದಿನ ಚೆಂಡಿಗಾಗಿ ಉಸಿರು ಹಿಡಿಯಬೇಕು. ರೈಲು ಪಯಣ ಮಾತ್ರ ನಿಮ್ಮಿಂದ ಏನನ್ನೂ ಕೇಳುವುದಿಲ್ಲ. ಕಣ್ಣೆದುರು ಏನಾದರೊಂದು ನಡೆಯುತ್ತಲೇ ಇರುತ್ತದೆ, ಆದರೆ ಯಾವುದೂ ಅವಸರದ್ದಲ್ಲ. ನಡುವೆ ಎದ್ದು ಸಾರಿಗೆ ಒಗ್ಗರಣೆ ಹಾಕಿ ಬಂದರೂ ಏನೂ ತಪ್ಪಿಹೋಗಿರುವುದಿಲ್ಲ. ಈ ಗುಣವನ್ನು ಕೆಡಿಸುವ ಪ್ರತಿಯೊಂದನ್ನೂ ದೂರ ಇಡುವುದೇ ಈ ಲೇಖನದಲ್ಲಿರುವ ಕೆಲಸ.

ಈ ಬಗೆಯ ಕಾರ್ಯಕ್ರಮಕ್ಕೆ ‘ಸ್ಲೋ ಟಿ.ವಿ.’ ಎಂಬ ಹೆಸರಿದೆ, ಅಂದರೆ ಕತ್ತರಿಸದೆ, ಓಡಿಸದೆ, ಇದ್ದದ್ದನ್ನು ಇದ್ದಷ್ಟೇ ಹೊತ್ತು ತೋರಿಸುವುದು. ನಾರ್ವೆಯ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಆರ್‌ಕೆ 2009ರ ನವೆಂಬರ್ 27ರಂದು ಬರ್ಗೆನ್‌ನಿಂದ ಓಸ್ಲೊವರೆಗಿನ ರೈಲು ಪಯಣವನ್ನು ಏಳು ಗಂಟೆಗೂ ಹೆಚ್ಚು ಕಾಲ ಹಾಗೆಯೇ ಪ್ರಸಾರ ಮಾಡಿತು. 1909ರಲ್ಲಿ ಪೂರ್ಣಗೊಂಡ ಆ ಮಾರ್ಗಕ್ಕೆ ಆಗ ನೂರು ವರ್ಷ. ಅರ್ಧ ಕೋಟಿಗಿಂತ ಕಡಿಮೆ ಜನರಿದ್ದ ಆ ದೇಶದಲ್ಲಿ ಸುಮಾರು 12 ಲಕ್ಷ ಮಂದಿ ಅದನ್ನು ಒಂದಷ್ಟು ಹೊತ್ತಾದರೂ ನೋಡಿದರು. ಸುರಂಗ ಬಂದಾಗ ಪರದೆ ಕಪ್ಪಾಗದಂತೆ ಹಳೆಯ ಚಿತ್ರಗಳನ್ನೂ ಸಂದರ್ಶನಗಳನ್ನೂ ತುಂಬಿದ್ದರು. 2012ರಲ್ಲಿ ಟ್ರಾಂಡ್‌ಹೈಮ್‌ನಿಂದ ಬೋಡೊವರೆಗಿನ 729 ಕಿ.ಮೀ. ಮಾರ್ಗವನ್ನು ನಾಲ್ಕೂ ಋತುಗಳಲ್ಲಿ ಚಿತ್ರೀಕರಿಸಿ ಜೋಡಿಸಿದರು. ಒಂದೇ ಹಳಿಯ ಮೇಲೆ ಹಿಮ, ಚಿಗುರು, ಬಿಸಿಲು, ಉದುರೆಲೆ.

ಏನೇನು ಬೇಕು

ಇಂಟರ್‌ನೆಟ್ ಇರುವ ಟಿ.ವಿ., ಅಥವಾ ಸಾದಾ ಎಲ್‌ಇಡಿ ಟಿ.ವಿ.ಗೆ ಚುಚ್ಚುವ ಸ್ಟಿಕ್ (ಇಂಟರ್‌ನೆಟ್ ವಿಡಿಯೊ ತೋರಿಸುವ ಸಣ್ಣ ಸಾಧನ). ನಿಮಿಷ ನಿಮಿಷಕ್ಕೂ ನಿಲ್ಲದ ಸಂಪರ್ಕ, ಇಲ್ಲವೇ 64 ಜಿಬಿಯ ಒಂದು ಪೆನ್‌ಡ್ರೈವ್. ಟಿ.ವಿ. ಹಿಂದೆ ಇಡಲು ಹಳದಿ ಬೆಳಕಿನ ಸಣ್ಣ ದೀಪ. ಇಷ್ಟೇ. ಹೊಸ ಟಿ.ವಿ. ಕೊಳ್ಳಬೇಕೆಂದು ಯಾರಾದರೂ ಹೇಳಿದರೆ ಕಿವಿಗೊಡಬೇಡಿ. ಸರಿಯಾಗಿ ಹೊಂದಿಸಿದ 32 ಇಂಚಿನ ಹಳೆಯ ಟಿ.ವಿ.ಯಲ್ಲಿ ಸಿಗುವ ಹಿತ, ಅಂಗಡಿಯಲ್ಲಿದ್ದಂತೆ ಕಣ್ಣು ಕುಕ್ಕುವ ಸೆಟ್ಟಿಂಗ್‌ನಲ್ಲೇ ಬಿಟ್ಟ 65 ಇಂಚಿನದರಲ್ಲಿ ಸಿಗುವುದಿಲ್ಲ.

ಹಂತ 1: ಯಾವ ಬಗೆಯದು ಎಂದು ಗುರುತಿಸಿ

ರೈಲು ಕಾರ್ಯಕ್ರಮ ಎಂಬ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ವಸ್ತುಗಳಿವೆ. ನಿರಾಸೆಯಾಗುವವರಲ್ಲಿ ಹೆಚ್ಚಿನವರು ಇಲ್ಲಿಯೇ ಎಡವುತ್ತಾರೆ.

ಮೊದಲನೆಯದು ನಿರೂಪಕರಿರುವ ಪ್ರವಾಸ ಕಾರ್ಯಕ್ರಮ. ಒಬ್ಬರು ರೈಲು ಹತ್ತಿ ಊರೂರು ಇಳಿದು ತಿಂಡಿ ತಿಂದು ಇತಿಹಾಸ ಹೇಳುತ್ತಾರೆ. ಸಂಜೆ ಮನೆಮಂದಿಯೆಲ್ಲ ಕೂತು ನೋಡಲು ಒಳ್ಳೆಯದು. ಆದರೆ ಮಾತು ಕೇಳಿಸಿಕೊಳ್ಳಬೇಕು, ದೃಶ್ಯ ಬದಲಾಗುತ್ತಲೇ ಇರುತ್ತದೆ. ದಣಿದ ತಲೆಗೆ ಇದು ಇನ್ನೊಂದು ಕೆಲಸ.

ಎರಡನೆಯದು ‘ಕ್ಯಾಬ್ ವ್ಯೂ’, ಅಂದರೆ ಚಾಲಕನ ಕೊಠಡಿಯ ಮುಂಗಾಜಿನಿಂದ ಕಾಣುವ ನೋಟ. ಹಳಿ ದೂರದಲ್ಲೊಂದು ಚುಕ್ಕಿಗೆ ಹೋಗಿ ಸೇರುತ್ತದೆ. ಆ ಚುಕ್ಕಿ ಪರದೆಯ ನಡುವೆಯೇ ನಿಲ್ಲುವುದರಿಂದ ಕಣ್ಣಿಗೆ ಅಲ್ಲಿ ನೆಲೆ ಸಿಗುತ್ತದೆ. ತಲೆ ಸುತ್ತು ಬರುವವರು, ಹಿರಿಯರು, ಮೊದಲ ಸಲ ನೋಡುವವರು ಇದರಿಂದಲೇ ಆರಂಭಿಸಲಿ.

ಮೂರನೆಯದು ಕಿಟಕಿ ಪಕ್ಕದ ನೋಟ. ಪ್ರಯಾಣಿಕರಾಗಿ ನಮಗೆ ರೂಢಿ ಇರುವುದು ಇದೇ, ನೋಡುವುದಕ್ಕೆ ಚೆಂದವೂ ಇದೇ. ಆದರೆ ಹತ್ತಿರದ ಕಂಬ, ಗಿಡ, ಬೇಲಿಗಳು ರಭಸದಿಂದ ಸರಿಯುತ್ತವೆ. ಕಣ್ಣು ಒಂದು ಕಂಬವನ್ನು ಹಿಂಬಾಲಿಸಿ, ಅದು ಮರೆಯಾದೊಡನೆ ಹಿಂದಕ್ಕೆ ಜಿಗಿದು ಇನ್ನೊಂದನ್ನು ಹಿಡಿಯುತ್ತದೆ. ವೈದ್ಯರು ಇದಕ್ಕೆ ‘ರೈಲ್ವೆ ನಿಸ್ಟ್ಯಾಗ್ಮಸ್’ ಎಂದೇ ಹೆಸರಿಟ್ಟಿದ್ದಾರೆ. ನಿಜವಾದ ರೈಲಿನಲ್ಲಿ ಮೈಯೂ ಅಲುಗುತ್ತಿರುತ್ತದೆ, ಕಣ್ಣು ಹೇಳುವುದಕ್ಕೂ ಕಿವಿಯೊಳಗಿನ ಸಮತೋಲನದ ಅಂಗ ಹೇಳುವುದಕ್ಕೂ ತಾಳೆಯಾಗುತ್ತದೆ. ಮನೆಯ ಕುರ್ಚಿಯಲ್ಲಿ ಕಣ್ಣು “ಓಡುತ್ತಿದ್ದೇವೆ” ಎನ್ನುತ್ತದೆ, ಮೈ “ಇಲ್ಲ, ಕೂತಿದ್ದೇವೆ” ಎನ್ನುತ್ತದೆ. ತಲೆ ಸುತ್ತುವುದು ಈ ಜಗಳದಿಂದ. ಆದ್ದರಿಂದ ಪಕ್ಕದ ನೋಟದ ವಿಡಿಯೊ ಆರಿಸುವಾಗ ಪರದೆಯ ಮುಕ್ಕಾಲು ಭಾಗ ದೂರದ ಗುಡ್ಡ, ಕಣಿವೆ, ಹೊಲ, ಕೆರೆ ಇರುವಂಥದ್ದನ್ನೇ ಹುಡುಕಿ. ದೂರದ್ದು ನಿಧಾನವಾಗಿ ಸರಿಯುತ್ತದೆ.

ಹಂತ 2: ಎರಡು ನಿಮಿಷದ ಪರೀಕ್ಷೆ

ವಿಡಿಯೊದ ತಲೆಬರಹ ನಂಬಬೇಡಿ. ಆರಂಭ, ಕಾಲು ಭಾಗ, ಅರ್ಧ, ಮುಕ್ಕಾಲು ಈ ನಾಲ್ಕು ಜಾಗಕ್ಕೆ ಜಿಗಿದು ಒಂದೊಂದರಲ್ಲಿ ಅರ್ಧ ನಿಮಿಷ ನೋಡಿ. ಕೆಳಗಿನ ಯಾವುದಾದರೂ ಕಂಡರೆ ಅದನ್ನು ಬಿಟ್ಟು ಮುಂದೆ ಹೋಗಿ:

- ಹಿನ್ನೆಲೆಯಲ್ಲಿ ಪಿಯಾನೊ ಅಥವಾ ಕೊಳಲು ಸಂಗೀತ. ರೈಲಿನ ಸದ್ದನ್ನು ತೆಗೆದು ಇದನ್ನು ಹಾಕಿರುತ್ತಾರೆ. ಹತ್ತು ನಿಮಿಷಕ್ಕೊಮ್ಮೆ ಅದೇ ರಾಗ ತಿರುಗಿ ಬಂದಾಗ ಕಿರಿಕಿರಿ ಶುರು.
- ವೇಗ ಹೆಚ್ಚಿಸಿದ ಚಿತ್ರ. ಹಳಿ ಪಕ್ಕ ನಡೆಯುವವರು ಗೊಂಬೆಗಳಂತೆ ಪಟಪಟನೆ ಹೆಜ್ಜೆ ಹಾಕಿದರೆ ಅದು ಓಡಿಸಿದ ವಿಡಿಯೊ.
- ನಿಲ್ದಾಣಗಳನ್ನು ಕತ್ತರಿಸಿರುವುದು. ರೈಲು ನಿಲ್ದಾಣದಲ್ಲಿ ಸುಮ್ಮನೆ ನಿಂತಿರುವ ಆ ಮೂರು ನಿಮಿಷ ಈ ಕಾರ್ಯಕ್ರಮದ ಜೀವ. ಅಲ್ಲಿ ಚಹಾದವನ ಕೂಗು ಕೇಳುತ್ತದೆ, ಕಣ್ಣಿಗೆ ವಿಶ್ರಾಂತಿ ಸಿಗುತ್ತದೆ.
- ಪರದೆ ತುಂಬ ವೇಗ, ಎತ್ತರ, ನಕ್ಷೆ, ಗಡಿಯಾರ. ಒಂದು ಮೂಲೆಯಲ್ಲಿ ಊರಿನ ಹೆಸರಿದ್ದರೆ ಅಡ್ಡಿ ಇಲ್ಲ, ಅದಕ್ಕಿಂತ ಹೆಚ್ಚಾದರೆ ಕಣ್ಣು ಅಂಕಿಗಳಲ್ಲೇ ಸಿಕ್ಕಿಕೊಳ್ಳುತ್ತದೆ.
- ಕೈಯಲ್ಲಿ ಹಿಡಿದು ತೆಗೆದ, ತೂಗಾಡುವ ಚಿತ್ರ.
- ಕಂಪ್ಯೂಟರ್ ಸೃಷ್ಟಿಸಿದ ದೃಶ್ಯ. ಇಂಥವು ಈಗ ಬಹಳ ಬಂದಿವೆ. ಹಳಿಗಳು ಒಂದರೊಳಗೊಂದು ಕರಗುವುದು, ಬೋರ್ಡಿನ ಅಕ್ಷರ ಯಾವ ಭಾಷೆಯದೂ ಅಲ್ಲದಿರುವುದು, ಅದೇ ಮರ ಮತ್ತೆ ಮತ್ತೆ ಬರುವುದು ಇವೇ ಗುರುತು.

ಹಂತ 3: ಮೊದಲ ಮಾರ್ಗ ಪರಿಚಿತವಾಗಿರಲಿ

ಎಲ್ಲರೂ ನೇರವಾಗಿ ಸ್ವಿಟ್ಜರ್ಲೆಂಡ್‌ಗೆ ಹೋಗುತ್ತಾರೆ. ನಮ್ಮ ಸಲಹೆ ಬೇರೆ. ಮೊದಲ ವಾರ ನಿಮಗೆ ಗೊತ್ತಿರುವ ಹಳಿಯನ್ನೇ ನೋಡಿ. ಮುಂದಿನ ನಿಲ್ದಾಣ ಯಾವುದೆಂದು ಗೊತ್ತಿದ್ದಾಗ ಮನಸ್ಸು ಬೇಗ ಸಡಿಲಾಗುತ್ತದೆ.

ಬೆಳಗಾವಿಯವರಿಗೆ ದೇಸೂರು, ಖಾನಾಪುರ, ಗುಂಜಿ ದಾಟಿ ಲೋಂಡಾ, ಅಲ್ಲಿಂದ ತಿನೈಘಾಟ್, ಕ್ಯಾಸಲ್‌ರಾಕ್, ದೂಧಸಾಗರ, ಕುಳೆಂ. ಲೋಂಡಾವರೆಗೆ ಸುಮಾರು 50 ಕಿ.ಮೀ.ಯಲ್ಲೇ ಬಯಲು ಕಾಡಾಗುವುದನ್ನು ಕಾಣಬಹುದು. ಕ್ಯಾಸಲ್‌ರಾಕ್‌ನಿಂದ ಕುಳೆಂವರೆಗಿನ 26 ಕಿ.ಮೀ. ಬ್ರಗಾಂಝಾ ಘಾಟಿನ ಏರು 1:37, ಅಂದರೆ ಪ್ರತಿ 37 ಮೀಟರ್ ಸಾಗಿದರೆ ಒಂದು ಮೀಟರ್ ಏರು. ಇಷ್ಟು ಕಡಿದಾದ ಕಡೆ ರೈಲು ಓಡುವುದಿಲ್ಲ, ತೆವಳುತ್ತದೆ. ಹತ್ತುವ ಗಾಡಿಗೆ ಹಿಂದಿನಿಂದ ತಳ್ಳಲು ‘ಬ್ಯಾಂಕರ್’ ಎಂಬ ಹೆಚ್ಚುವರಿ ಎಂಜಿನ್ ಕಟ್ಟುತ್ತಾರೆ. ಆ ನಿಧಾನವೇ ನಮಗೆ ಬೇಕಾದದ್ದು. ಜುಲೈ, ಆಗಸ್ಟ್‌ನಲ್ಲಿ ತೆಗೆದ ವಿಡಿಯೊ ಹುಡುಕಿ. ಏಪ್ರಿಲ್‌ನಲ್ಲಿ ತೆಗೆದದ್ದರಲ್ಲಿ ಸುಮಾರು 310 ಮೀಟರಿನ ಆ ಜಲಪಾತ ಬಂಡೆಯ ಮೇಲೆ ಎಳೆದ ದಾರದಂತಿರುತ್ತದೆ.

ವಿಜಯಪುರ, ಬಾಗಲಕೋಟೆಯವರಿಗೆ ಗದಗಿನ ಮಾರ್ಗ ಇದೆ. ಬಸವನ ಬಾಗೇವಾಡಿ ರೋಡ್ ದಾಟಿ ಆಲಮಟ್ಟಿ, ಕೃಷ್ಣೆಯ ಸೇತುವೆ, ಸೀತಿಮನಿ, ಬಾಗಲಕೋಟೆ, ಮುಂದೆ ಬಾದಾಮಿಯ ಕೆಂಪು ಬೆಟ್ಟಗಳು. ಮಲೆನಾಡಿನ ಹಸಿರಷ್ಟೇ ರಮ್ಯ ಎಂದುಕೊಂಡವರು ಈ ಮಾರ್ಗವನ್ನು ಸಂಜೆ ಐದರ ಬೆಳಕಿನಲ್ಲಿ ತೆಗೆದ ವಿಡಿಯೊದಲ್ಲಿ ನೋಡಬೇಕು. ಜೋಳದ ಹೊಲದ ಅಂಚು ಕಣ್ಣಿಗೆ ತಾಗುವುದಿಲ್ಲ, ದಿಗಂತ ಪರದೆಯ ನಡುವೆ ಗೆರೆ ಹಾಕಿದಂತೆ ನಿಲ್ಲುತ್ತದೆ. ತಲೆ ಸುತ್ತುವವರಿಗೆ ಘಾಟಿಗಿಂತ ಈ ಬಯಲೇ ಒಳ್ಳೆಯದು. ಮಿರಜ ಕಡೆಗೆ ಹೋಗುವ ಹಳಿಯಲ್ಲಿ ಘಟಪ್ರಭಾ, ರಾಯಬಾಗ ದಾಟಿದ ಮೇಲೆ ಕುಡಚಿ ಹತ್ತಿರದ ಕೃಷ್ಣಾ ಸೇತುವೆಯೂ ನೋಡುವಂಥದ್ದು.

ರೂಢಿಯಾದ ಮೇಲೆ ದೂರ ಹೋಗಿ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿ (57 ಸುರಂಗಗಳಿವೆ, ಅದರ ತೊಂದರೆ ಹಂತ 5ರಲ್ಲಿದೆ), ಕೊಂಕಣ ರೈಲು, ಕಾಲ್ಕಾ–ಶಿಮ್ಲಾದ 96 ಕಿ.ಮೀ. ವಿದೇಶದ್ದರಲ್ಲಿ ಮೊದಲಿಗೆ ನಾರ್ವೆಯ ಫ್ಲಾಮ್ ಮಾರ್ಗ. ಕೇವಲ 20 ಕಿ.ಮೀ., ಸುಮಾರು ಒಂದು ಗಂಟೆ, ಅಷ್ಟರಲ್ಲಿ ಸಮುದ್ರಮಟ್ಟದಿಂದ 860 ಮೀಟರಿಗೂ ಮೇಲಕ್ಕೆ ಏರುತ್ತದೆ. ಆಮೇಲೆ ಸ್ವಿಸ್ ಬರ್ನೀನಾ ಮಾರ್ಗ: ಹಲ್ಲುಗಾಲಿಯ ಸಹಾಯವಿಲ್ಲದೆ ನೂರಕ್ಕೆ ಏಳರ ಏರು ಹತ್ತಿ 2,253 ಮೀಟರ್ ಮುಟ್ಟುತ್ತದೆ. ವಿಜಯಪುರದ ಮೇ ತಿಂಗಳ ಮಧ್ಯಾಹ್ನ, ಕಿಟಕಿ ಪರದೆ ಇಳಿಸಿ, ನಾರ್ವೆಯ ಬರ್ಗೆನ್ ಮಾರ್ಗದ ಫಿನ್ಸೆ ನಿಲ್ದಾಣದ ಹಿಮ ನೋಡುವ ಸುಖವನ್ನು ಒಮ್ಮೆಯಾದರೂ ಅನುಭವಿಸಿ.

ಹಂತ 4: ಡೇಟಾ ಲೆಕ್ಕ

ಗಂಟೆಗೆ ಎಷ್ಟು ಡೇಟಾ ಎಂಬುದು ಚಿತ್ರದ ಗುಣಮಟ್ಟದ ಮೇಲೆ. 480ಪಿ ಇಟ್ಟರೆ ಸುಮಾರು ಅರ್ಧ ಜಿಬಿ, 720ಪಿಗೆ 1.1 ಜಿಬಿ, 1080ಪಿಗೆ 2.25 ಜಿಬಿ, 4ಕೆಗೆ 9 ಜಿಬಿ. ಮೊಬೈಲ್‌ನ ದಿನದ 2 ಜಿಬಿಯಲ್ಲಿ 1080ಪಿ ಒಂದು ಗಂಟೆಯೂ ಓಡುವುದಿಲ್ಲ, ಘಾಟಿ ಶುರುವಾಗುವ ಹೊತ್ತಿಗೆ ಚಿತ್ರ ನಿಂತು ಪರದೆಯಲ್ಲಿ ಲೋಡಿಂಗ್ ಚಕ್ರ ತಿರುಗಲು ಆರಂಭಿಸುತ್ತದೆ. ಹಾಟ್‌ಸ್ಪಾಟ್‌ನಲ್ಲಿ ನೋಡುವವರು 720ಪಿಗೆ ಕೈಯಾರೆ ಹೊಂದಿಸಿ. ‘ಆಟೊ’ ಎಂದು ಬಿಟ್ಟರೆ ಗುಣಮಟ್ಟ ಏರಿಳಿಯುತ್ತದೆ. ರೈಲು ದೃಶ್ಯದಲ್ಲಿ ಎಲೆ ಎಲೆಯೂ ಚಲಿಸುವುದರಿಂದ ಆ ಇಳಿತ ಎಲ್ಲಕ್ಕಿಂತ ಎದ್ದು ಕಾಣುತ್ತದೆ, ಕಾಡೆಲ್ಲ ಕಲಸಿದ ಬಣ್ಣವಾಗುತ್ತದೆ.

ಮನೆಗೆ ಫೈಬರ್ ಇದ್ದೂ ನಿಂತು ನಿಂತು ಬರುತ್ತಿದ್ದರೆ ತೊಂದರೆ ಸಾಮಾನ್ಯವಾಗಿ ವೈಫೈನದು. ಹಳೆಯ ಮನೆಗಳ ದಪ್ಪ ಕಲ್ಲಿನ ಗೋಡೆ ದಾಟುವಾಗ 5 ಗಿಗಾಹರ್ಟ್ಸ್ ಸಂಕೇತ ಬಹಳ ಸೊರಗುತ್ತದೆ. ಟಿ.ವಿ.ಯನ್ನು 2.4 ಗಿಗಾಹರ್ಟ್ಸ್‌ಗೆ ಜೋಡಿಸಿ ನೋಡಿ, ಅಥವಾ ರೌಟರ್‌ನಿಂದ ಪಡಸಾಲೆಗೆ ಒಂದು ಲ್ಯಾನ್ ಕೇಬಲ್ ಎಳೆಸಿಬಿಡಿ. ಕರೆಂಟ್ ಹೋದಾಗ ಟಿ.ವಿ. ಇನ್ವರ್ಟರ್ ಮೇಲೆ ಉಳಿದು ರೌಟರ್ ಮಾತ್ರ ಆರುವುದು ಇನ್ನೊಂದು ಸಾಮಾನ್ಯ ತೊಡಕು, ರೌಟರನ್ನೂ ಇನ್ವರ್ಟರ್ ಸಾಲಿಗೆ ಸೇರಿಸಿ.

ನೆಟ್ ದುರ್ಬಲ ಇರುವ ಹಳ್ಳಿಯವರಿಗೆ ಪೆನ್‌ಡ್ರೈವ್ ಒಳ್ಳೆಯ ದಾರಿ. ಬರ್ಗೆನ್ ಮಾರ್ಗದ ಮುಂಬದಿ ಕ್ಯಾಮೆರಾದ ಇಡೀ ಚಿತ್ರವನ್ನು ಎನ್‌ಆರ್‌ಕೆ ‘ಕ್ರಿಯೇಟಿವ್ ಕಾಮನ್ಸ್’ ಪರವಾನಗಿಯಲ್ಲಿ (ಹಂಚಿಕೊಳ್ಳಲು ಮಾಲೀಕರೇ ಮೊದಲೇ ಕೊಟ್ಟ ಅನುಮತಿ) ಉಚಿತವಾಗಿ ಬಿಡುಗಡೆ ಮಾಡಿತ್ತು. ಅನುಮತಿ ಇಲ್ಲದ ವಿಡಿಯೊಗಳನ್ನು ಇಳಿಸಿಕೊಳ್ಳಬೇಡಿ, ಅದನ್ನು ತೆಗೆದವರ ಹೊಟ್ಟೆಪಾಡು ಅದರಲ್ಲಿದೆ. ಪೆನ್‌ಡ್ರೈವ್ ‘ಫ್ಯಾಟ್32’ ಮಾದರಿಯಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ, ‘ಎಕ್ಸ್‌ಫ್ಯಾಟ್’ಗೆ ಫಾರ್ಮ್ಯಾಟ್ ಮಾಡಿ. ಟಿ.ವಿ. ಅದನ್ನು ಗುರುತಿಸದಿದ್ದರೆ ‘ಎನ್‌ಟಿಎಫ್‌ಎಸ್’ ಪ್ರಯತ್ನಿಸಿ. ಫಾರ್ಮ್ಯಾಟ್ ಮಾಡಿದರೆ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಮದುವೆಯ ಫೋಟೊಗಳನ್ನು ಮೊದಲು ಬೇರೆಡೆ ತೆಗೆದಿಡಿ.

ಹಂತ 5: ಟಿ.ವಿ. ಸೆಟ್ಟಿಂಗ್

ಅರ್ಧ ಗಂಟೆ ಕೊಡಬೇಕಾದ ಹಂತ ಇದು. ಒಮ್ಮೆ ಮಾಡಿದರೆ ಮತ್ತೆ ಮುಟ್ಟಬೇಕಿಲ್ಲ.

ಪಿಕ್ಚರ್ ಮೋಡ್‌ನಲ್ಲಿ ‘ವಿವಿಡ್’ ಅಥವಾ ‘ಡೈನಮಿಕ್’ ಇದ್ದರೆ ‘ಸಿನಿಮಾ’, ‘ಮೂವಿ’ ಅಥವಾ ‘ಫಿಲ್ಮ್‌ಮೇಕರ್’ಗೆ ಬದಲಿಸಿ. ಮೊದಲ ಹತ್ತು ನಿಮಿಷ ಚಿತ್ರ ಮಂಕಾಗಿ, ಹಳದಿಯಾಗಿ ಕಾಣುತ್ತದೆ. ಬದಲಿಸಲು ಹೋಗಬೇಡಿ, ಕಣ್ಣು ಹೊಂದಿಕೊಳ್ಳುತ್ತದೆ. ಆಮೇಲೆ ಹಳೆಯ ಸೆಟ್ಟಿಂಗ್‌ಗೆ ಮರಳಿದರೆ ಗದ್ದೆಯ ಹಸಿರು ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ. ರಾತ್ರಿ ನೋಡುವಾಗ ‘ಬ್ಯಾಕ್‌ಲೈಟ್’ ಇಳಿಸಿ, ಓದುವ ಪುಸ್ತಕದ ಬಿಳಿ ಹಾಳೆಯಷ್ಟು ಬೆಳಕು ಸಾಕು.

ಎರಡನೆಯದು ಚಲನೆ. ದೃಶ್ಯ ಸರಿಯುವಾಗ ಸಣ್ಣಗೆ ತಡವರಿಸಿದಂತೆ, ಎಡವಿದಂತೆ ಕಾಣುತ್ತದೆಯೇ? ಇದಕ್ಕೆ ‘ಜಡರ್’ ಎನ್ನುತ್ತಾರೆ. ಬಹಳ ಜನ ಇದನ್ನು ನೆಟ್ ತೊಂದರೆ ಅಂದುಕೊಳ್ಳುತ್ತಾರೆ. ನಿಜವಾದ ಕಾರಣ ಲೆಕ್ಕದ್ದು. ಯುರೋಪಿನ ವಿಡಿಯೊಗಳು ಸಾಮಾನ್ಯವಾಗಿ ಸೆಕೆಂಡಿಗೆ 25 ಅಥವಾ 50 ಚಿತ್ರಗಳು. ಸ್ಮಾರ್ಟ್ ಟಿ.ವಿ. ಮತ್ತು ಸ್ಟಿಕ್‌ಗಳು ಸಾಮಾನ್ಯವಾಗಿ ಸೆಕೆಂಡಿಗೆ 60 ಸಲ ಪರದೆ ಬದಲಿಸುತ್ತವೆ. 25 ಚಿತ್ರಗಳನ್ನು 60 ಜಾಗಕ್ಕೆ ಸಮನಾಗಿ ಹಂಚಲು ಆಗುವುದಿಲ್ಲ. ಕೆಲವು ಎರಡು ಸಲ, ಕೆಲವು ಮೂರು ಸಲ ನಿಲ್ಲುತ್ತವೆ. ಧಾರಾವಾಹಿಯಲ್ಲಿ ಇದು ಗೊತ್ತಾಗುವುದಿಲ್ಲ, ಕ್ಷಣವೂ ನಿಲ್ಲದೆ ಸರಿಯುವ ರೈಲು ದೃಶ್ಯದಲ್ಲಿ ಕಣ್ಣಿಗೆ ಹೊಡೆಯುತ್ತದೆ. ಸರಿಮಾಡುವ ಕ್ರಮ ಹೀಗೆ:

1. ಸ್ಟಿಕ್ ಅಥವಾ ಆಂಡ್ರಾಯ್ಡ್ ಟಿ.ವಿ.ಯ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ‘ಮ್ಯಾಚ್ ಫ್ರೇಮ್ ರೇಟ್’ ಎಂಬರ್ಥದ ಆಯ್ಕೆ ಇದ್ದರೆ ಆನ್ ಮಾಡಿ. ಪರದೆ ವಿಡಿಯೊದ ಲೆಕ್ಕಕ್ಕೇ ಹೊಂದಿಕೊಳ್ಳುತ್ತದೆ. ಎಲ್ಲ ಆ್ಯಪ್‌ಗಳೂ ಇದನ್ನು ಪಾಲಿಸುವುದಿಲ್ಲ.
2. ಯೂಟ್ಯೂಬ್‌ನಲ್ಲಿ ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ (ವಿಡಿಯೊದ ತಾಂತ್ರಿಕ ವಿವರ ತೋರಿಸುವ ಆಯ್ಕೆ) ತೆರೆದು ಗುಣಮಟ್ಟದ ಮುಂದಿನ ಅಂಕಿ ನೋಡಿ. 25 ಅಥವಾ 30 ಇದ್ದರೆ ಅದೇ ಮಾರ್ಗದ 50 ಅಥವಾ 60ರ ವಿಡಿಯೊ ಇದೆಯೇ ಹುಡುಕಿ. 30ರ 4ಕೆಗಿಂತ 60ರ 1080ಪಿ ಈ ಕೆಲಸಕ್ಕೆ ಎಷ್ಟೋ ಮೇಲು. ಅಲ್ಲೇ ‘ಡ್ರಾಪ್ಡ್’ (ತೋರಿಸಲಾಗದೆ ಬಿಟ್ಟ ಚಿತ್ರಗಳು) ಎಂಬ ಸಂಖ್ಯೆ ಏರುತ್ತಲೇ ಇದ್ದರೆ ನಿಮ್ಮ ಟಿ.ವಿ.ಗೆ ಆ ಗುಣಮಟ್ಟ ಹೊರೆಯಾಗಿದೆ, ಒಂದು ಮೆಟ್ಟಿಲು ಇಳಿಸಿ.
3. ಇದರಿಂದಲೂ ಸರಿಹೋಗದಿದ್ದರೆ ಮಾತ್ರ ಚಲನೆ ನುಣುಪಾಗಿಸುವ ಸೌಲಭ್ಯ ಬಳಸಿ. ಎಲ್‌ಜಿಯಲ್ಲಿ ‘ಟ್ರೂಮೋಷನ್’, ಸೋನಿಯಲ್ಲಿ ‘ಮೋಷನ್‌ಫ್ಲೋ’, ಸ್ಯಾಮ್ಸಂಗ್‌ನಲ್ಲಿ ‘ಪಿಕ್ಚರ್ ಕ್ಲಾರಿಟಿ’ ಎಂದಿರುತ್ತದೆ. ಹತ್ತರಲ್ಲಿ ಎರಡು ಮೂರಕ್ಕಿಂತ ಮೇಲೆ ಹೋಗಬೇಡಿ. ಎರಡು ಚಿತ್ರಗಳ ನಡುವೆ ಟಿ.ವಿ. ತಾನೇ ಒಂದನ್ನು ಊಹಿಸಿ ಸೇರಿಸುತ್ತದೆ. ಹೆಚ್ಚಾದರೆ ವಿದ್ಯುತ್ ಕಂಬಗಳ ಅಂಚು ಕರಗಿ ಅಲೆಯಾಡುತ್ತದೆ.

ಮೂರನೆಯದು ಸುರಂಗ. ಕತ್ತಲಿಂದ ಹೊರಬಂದೊಡನೆ ಪರದೆ ಫಳ್ ಎನ್ನುತ್ತದೆ. ಸಕಲೇಶಪುರ ಘಾಟಿಯಂಥ ಮಾರ್ಗದಲ್ಲಿ ಇದು ಐವತ್ತಕ್ಕೂ ಹೆಚ್ಚು ಸಲ. ‘ಆಟೊ ಬ್ರೈಟ್‌ನೆಸ್’, ‘ಡೈನಮಿಕ್ ಕಾಂಟ್ರಾಸ್ಟ್’, ‘ಇಕೊ’ ಇವುಗಳನ್ನು ಆಫ್ ಮಾಡಿದರೆ ಆ ಹೊಡೆತ ಬಹಳ ಕಡಿಮೆಯಾಗುತ್ತದೆ.

ಎಚ್ಚರಿಕೆ: ಮರಗಳ ಸಂದಿನಿಂದ ಬಿಸಿಲು ಮಿಣುಕು ಮಿಣುಕಾಗಿ ಬಡಿಯುವ ದೃಶ್ಯ ಬೆಳಕಿಗೆ ಕೆರಳುವ ಮೂರ್ಛೆರೋಗ ಇರುವವರಿಗೆ ಅಪಾಯ. ಅಂಥವರು ಮನೆಯಲ್ಲಿದ್ದರೆ ಮೋಡ ಕವಿದ ದಿನದ ವಿಡಿಯೊಗಳನ್ನೇ ಆರಿಸಿ, ವೈದ್ಯರನ್ನು ಕೇಳಿಯೇ ಮುಂದುವರಿಯಿರಿ. ಇನ್ನು ಒಎಲ್‌ಇಡಿ ಟಿ.ವಿ. ಇರುವವರು ಚಾನೆಲ್ ಲಾಂಛನ ಸದಾ ಒಂದೇ ಮೂಲೆಯಲ್ಲಿ ಇರುವ ವಿಡಿಯೊವನ್ನು ದಿನವೂ ಎಂಟು ಗಂಟೆ ಹಾಕಬೇಡಿ, ಪರದೆಯಲ್ಲಿ ಅದರ ಅಚ್ಚು ಉಳಿಯಬಹುದು.

ಹಂತ 6: ಸದ್ದು

ಚಿತ್ರಕ್ಕಿಂತ ಸದ್ದೇ ಹೆಚ್ಚು ಕೆಲಸ ಮಾಡುತ್ತದೆ, ಕಣ್ಣು ಮುಚ್ಚಿದ ಮೇಲೂ ಅದು ಉಳಿಯುತ್ತದೆ. ಟಿ.ವಿ.ಯ ತೆಳು ಸ್ಪೀಕರ್‌ನಲ್ಲಿ ಗಾಲಿಯ ಗಂಭೀರ ನಾದ ಬರುವುದಿಲ್ಲ, ಬರೀ ಸುಯ್ಯೆನ್ನುವ ಗಾಳಿ ಕೇಳುತ್ತದೆ. ಮನೆಯಲ್ಲಿ ಹಳೆಯ ಹೋಮ್ ಥಿಯೇಟರ್ ಮೂಲೆಗೆ ಬಿದ್ದಿದ್ದರೆ ಈಗ ಹೊರತೆಗೆಯಿರಿ. ಇಲ್ಲದಿದ್ದರೆ ‘ಟ್ರೆಬಲ್’ ಎರಡು ಮೆಟ್ಟಿಲು ಇಳಿಸಿ, ‘ಬಾಸ್’ ಎರಡು ಏರಿಸಿ. ಪಕ್ಕದ ಖೋಲಿಯಲ್ಲಿ ಮಾತಾಡಿದ್ದು ಕೇಳಿಸುವಷ್ಟು ವಾಲ್ಯೂಮ್ ಸಾಕು. ‘ಆಟೊ ವಾಲ್ಯೂಮ್’ ಅಥವಾ ‘ನೈಟ್ ಮೋಡ್’ ಆನ್ ಇರಲಿ, ಎದುರು ಗಾಡಿ ಹಾರ್ನ್ ಹಾಕಿದಾಗ ಮಲಗಿದ ಮಗು ಬೆಚ್ಚುವುದಿಲ್ಲ.

ಧಡಕ್-ಧಡಕ್ ಸದ್ದು ಕೇಳುತ್ತಿಲ್ಲವಲ್ಲ ಎಂದು ಹಲವರು ಬೇಸರ ಮಾಡಿಕೊಳ್ಳುತ್ತಾರೆ. ಅದು ಸೆಟ್ಟಿಂಗ್‌ನ ದೋಷವಲ್ಲ. ಹಿಂದೆ 13 ಮೀಟರ್ ಉದ್ದದ ಹಳಿ ತುಂಡುಗಳನ್ನು ಬೋಲ್ಟ್ ಹಾಕಿ ಜೋಡಿಸುತ್ತಿದ್ದರು, ಗಾಲಿ ಪ್ರತಿ ಸಂದಿಯ ಮೇಲೂ ಬಡಿಯುತ್ತಿತ್ತು. ಈಗ ಹಳಿಗಳನ್ನು ಬೆಸುಗೆ ಹಾಕಿ ಉದ್ದಕ್ಕೂ ಒಂದಾಗಿಸುತ್ತಾರೆ. ಆ ಸದ್ದು ಬೇಕಿದ್ದವರು ಹಳೆಯ ವಿಡಿಯೊ ಅಥವಾ ಬೆಟ್ಟದ ಸಣ್ಣ ಗೇಜಿನ ರೈಲುಗಳನ್ನು ಹುಡುಕಿ. 13 ಮೀಟರಿನ ತುಂಡುಗಳಿರುವ ಹಳಿಯಲ್ಲಿ ಗಂಟೆಗೆ 60 ಕಿ.ಮೀ. ಹೋಗುವಾಗ ನಿಮಿಷಕ್ಕೆ ಸುಮಾರು 77 ಬಡಿತ, ಸುಮ್ಮನೆ ಕೂತವರ ನಾಡಿಯ ಆಸುಪಾಸು. ಮಕ್ಕಳಿಗೆ ಒಂದು ಆಟವನ್ನೂ ಹೇಳಿಕೊಡಬಹುದು: ಅಂಥ ಹಳಿಯಲ್ಲಿ 47 ಸೆಕೆಂಡಿನಲ್ಲಿ ಎಷ್ಟು ಬಡಿತ ಕೇಳಿತೋ (ಜೋಡಿ ಸದ್ದನ್ನು ಒಂದೆಂದೇ ಎಣಿಸಿ) ಅದೇ ಗಂಟೆಗೆ ಕಿ.ಮೀ. ವೇಗ.

ಹಂತ 7: ಕೂರುವ ದೂರ, ಬೆಳಕು

43 ಇಂಚಿನ ಟಿ.ವಿ.ಗೆ 6ರಿಂದ 8 ಅಡಿ, 55 ಇಂಚಿಗೆ 8ರಿಂದ 10 ಅಡಿ. ತಲೆ ಸುತ್ತುವವರು ಇನ್ನೂ ಎರಡು ಅಡಿ ಹಿಂದೆ ಸರಿಯಲಿ. ಖೋಲಿಯನ್ನು ಪೂರ್ತಿ ಕತ್ತಲು ಮಾಡಬೇಡಿ. ಟಿ.ವಿ. ಹಿಂದಿನ ಗೋಡೆಗೆ ಬೀಳುವಂತೆ ಸಣ್ಣ ದೀಪ ಇಟ್ಟರೆ ಅಲುಗದ ಗೋಡೆಯೂ ಕಣ್ಣಂಚಿಗೆ ಕಾಣುತ್ತಿರುತ್ತದೆ, ಹಾಗಾಗಿ ವಾಕರಿಕೆ ಬರುವ ಸಂಭವ ಕಡಿಮೆ. ಮೊದಲ ದಿನ ಇಪ್ಪತ್ತು ನಿಮಿಷ ಸಾಕು. ಹೊಟ್ಟೆ ತುಂಬ ರೊಟ್ಟಿ ಊಟ ಮಾಡಿದ ಕೂಡಲೇ ಪಕ್ಕದ ನೋಟದ ವಿಡಿಯೊ ಬೇಡ.

ಫೋನನ್ನು ಇನ್ನೊಂದು ಖೋಲಿಯಲ್ಲಿಡಿ. ಕೈಗೆ ಕೆಲಸ ಬೇಕೆನಿಸಿದರೆ ಅವರೆಕಾಯಿ ಬಿಡಿಸಿ, ಕೌದಿ ಹೊಲಿಯಿರಿ, ಬಟ್ಟೆ ಮಡಚಿ. ಇಡೀ ಹೊತ್ತು ಪರದೆಯನ್ನೇ ದಿಟ್ಟಿಸಬೇಕೆಂದಿಲ್ಲ. ದಿಟ್ಟಿಸಿದರೇ ಬೇಜಾರಾಗುವುದು.

ಹಂತ 8: ಎರಡನೆಯ ಸಲ ನೋಡುವಾಗ

ಮೊದಲ ಸಲ ನಕ್ಷೆ ಬೇಡ. ಎರಡನೆಯ ಸಲ ನಮ್ಮ ದೇಶದ ಮಾರ್ಗಗಳ ಕ್ಯಾಬ್ ವ್ಯೂನಲ್ಲಿ ಇವನ್ನು ಗಮನಿಸಿ. ಹಸಿರು ಸಿಗ್ನಲ್ ಎಂದರೆ ದಾರಿ ಮುಕ್ತ. ಜೋಡಿ ಹಳದಿ ಎಂದರೆ ಮುಂದಿನ ಸಿಗ್ನಲ್‌ನಲ್ಲಿ ಎಚ್ಚರದಿಂದ ಸಾಗಬೇಕಾದೀತು. ಒಂಟಿ ಹಳದಿ ಎಂದರೆ ಮುಂದಿನದರಲ್ಲಿ ನಿಲ್ಲಲು ಸಿದ್ಧರಾಗಿ. ‘ಡಬ್ಲ್ಯೂ/ಎಲ್’ ಎಂಬ ಹಳದಿ ಫಲಕ ಕಂಡರೆ ಮುಂದೆ ಲೆವೆಲ್ ಕ್ರಾಸಿಂಗ್ ಇದೆ, ಸಿಳ್ಳೆ ಹಾಕು ಎಂದರ್ಥ. ಕೆಲ ಕ್ಷಣದಲ್ಲಿ ಹಾರ್ನ್ ಕೇಳುತ್ತದೆ. ವಿದ್ಯುತ್ ಕಂಬದ ಮೇಲಿನ 512/14ರಂಥ ಬರಹದಲ್ಲಿ ಮೊದಲನೆಯದು ಕಿಲೊಮೀಟರ್, ಎರಡನೆಯದು ಆ ಕಿಲೊಮೀಟರಿನಲ್ಲಿ ಕಂಬದ ಸಂಖ್ಯೆ. ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಕಾಕಾ ಯಾರಾದರೂ ಓಣಿಯಲ್ಲಿದ್ದರೆ ಅವರನ್ನು ಕರೆದು ಜೊತೆ ಕೂರಿಸಿಕೊಳ್ಳಿ. ಯಾವ ನಿರೂಪಕರೂ ಹೇಳದ ಸಂಗತಿಗಳು ಅವರ ಬಾಯಲ್ಲಿ ಬರುತ್ತವೆ.

ನಮ್ಮ ಮಾರ್ಗವನ್ನು ನಾವೇ ಚಿತ್ರಿಸಬೇಕೆನ್ನುವವರಿಗೆ

ಫೋನ್ ಸಾಕು. 1080ಪಿ, ಸೆಕೆಂಡಿಗೆ 60 ಚಿತ್ರಗಳಿಗೆ ಹೊಂದಿಸಿ, ಅಡ್ಡಕ್ಕೆ ಹಿಡಿಯಿರಿ. ಗಂಟೆಗೆ ಹತ್ತು ಜಿಬಿಗೂ ಹೆಚ್ಚು ಜಾಗ ಬೇಕಾದೀತು, ಹೊರಡುವ ಮುನ್ನ ಖಾಲಿ ಮಾಡಿಕೊಳ್ಳಿ, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಎಸಿ ಬೋಗಿಯ ಗಾಜಿಗೆ ಫೋನನ್ನು ಒತ್ತಿ ಹಿಡಿದು ಸುತ್ತ ಕಪ್ಪು ಬಟ್ಟೆ ಮುಚ್ಚಿದರೆ ಒಳಗಿನ ದೀಪದ ಪ್ರತಿಬಿಂಬ ಬರುವುದಿಲ್ಲ. ಸ್ಲೀಪರ್ ಬೋಗಿಯಲ್ಲಿ ಎರಡು ಸರಳುಗಳ ನಡುವೆ ಲೆನ್ಸ್ ಇರಲಿ, ಆದರೆ ಫೋನಾಗಲೀ ಕೈಯಾಗಲೀ ಸರಳು ದಾಟಬಾರದು. ದೂರದ ಗುಡ್ಡವನ್ನು ಒತ್ತಿ ಹಿಡಿದು ಫೋಕಸ್ ‘ಲಾಕ್’ ಮಾಡಿ. ಇಲ್ಲದಿದ್ದರೆ ಗಾಜಿನ ಮೇಲಿನ ಮಳೆಹನಿಗೆ ಫೋಕಸ್ ಹೋಗಿ ಇಡೀ ಘಾಟಿ ಮಸುಕಾಗುತ್ತದೆ.

ಬಾಗಿಲ ಮೆಟ್ಟಿಲಲ್ಲಿ ನಿಂತು ತೆಗೆಯಬೇಡಿ. ರೈಲ್ವೆ ಸಿಬ್ಬಂದಿ ಎಚ್ಚರಿಸಿದ ಮೇಲೂ ಮುಂದುವರಿಸಿದರೆ 1989ರ ರೈಲ್ವೆ ಕಾಯ್ದೆಯ 156ನೇ ಕಲಮಿನಡಿ ಅದು ಮೂರು ತಿಂಗಳವರೆಗೆ ಜೈಲು ಅಥವಾ 500 ರೂಪಾಯಿವರೆಗೆ ದಂಡ ಆಗಬಹುದಾದ ತಪ್ಪು. ದೂಧಸಾಗರ ನೋಡಲು ಹಳಿಗುಂಟ ನಡೆದು ಹೋಗುವುದು 147ನೇ ಕಲಮಿನ ಅತಿಕ್ರಮ ಪ್ರವೇಶ, ಆರು ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ. ಕಾನೂನಿಗಿಂತ ದೊಡ್ಡ ಕಾರಣ ಮಳೆಗಾಲದ ಆ ತಿರುವುಗಳು. ಜಲಪಾತದ ಮೊರೆತದಲ್ಲಿ ಬರುತ್ತಿರುವ ಗಾಡಿಯ ಸದ್ದು ಕೇಳಿಸುವುದೇ ಇಲ್ಲ.

ಹಂತ 9: ನಿದ್ದೆಗೆ ಬಿಡುವ ಮುನ್ನ

ರಾತ್ರಿ ನೋಡುವವರು ಮೂರು ಕೆಲಸ ತಪ್ಪಿಸಬೇಡಿ. ‘ಆಟೊಪ್ಲೇ’ ಆಫ್ ಮಾಡಿ. ಇಲ್ಲದಿದ್ದರೆ ರೈಲು ಮುಗಿದ ಮೇಲೆ ಯಾವುದೋ ಅಬ್ಬರದ ವಿಡಿಯೊ ತಾನಾಗಿಯೇ ಶುರುವಾಗುತ್ತದೆ. ಟಿ.ವಿ.ಯ ‘ಸ್ಲೀಪ್ ಟೈಮರ್’ 60 ಅಥವಾ 90 ನಿಮಿಷಕ್ಕೆ ಇಡಿ. ನಡುವಿನ ಜಾಹೀರಾತು ಬೇಡವೆಂದರೆ ಪೆನ್‌ಡ್ರೈವ್ ಪ್ರತಿ ಅಥವಾ ಹಣ ಕೊಟ್ಟು ಪಡೆಯುವ ಜಾಹೀರಾತಿಲ್ಲದ ಚಂದಾ, ಇವೆರಡೇ ನೇರ ದಾರಿ. ಮಲಗುವ ಹೊತ್ತಿಗೆ ಜಾಹೀರಾತಿನ ವಿಡಿಯೊ ಹಾಕಿದರೆ ಬಂದ ನಿದ್ದೆಯೂ ಹೋಗುತ್ತದೆ.

ಹಗಲಿಡೀ ಹಾಕಿಡುವವರಿಗೆ ಇದರ ತದ್ವಿರುದ್ಧ ತೊಂದರೆ. ರಿಮೋಟ್ ಮುಟ್ಟದೆ ನಾಲ್ಕು ಗಂಟೆಯಾದರೆ ಹಲವು ಟಿ.ವಿ.ಗಳು ತಾವೇ ಆರುತ್ತವೆ. ‘ಆಟೊ ಪವರ್ ಆಫ್’ ಎಂಬ ಆಯ್ಕೆಯನ್ನು ಬದಲಿಸಿ. ಆ್ಯಪ್‌ನಲ್ಲಿ ಖಾತೆಗೆ ಲಾಗಿನ್ ಆಗಿದ್ದರೆ ನಿಂತ ಜಾಗ ನೆನಪಿರುತ್ತದೆ, ಪೆನ್‌ಡ್ರೈವ್‌ನಲ್ಲಿ ಎಲ್ಲ ಟಿ.ವಿ.ಗಳಿಗೂ ಇರುವುದಿಲ್ಲ. ಕಣ್ಣು ಎಳೆಯುವ ಮುಂಚೆ ಕಂಡ ಕೊನೆಯ ನಿಲ್ದಾಣದ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ರಿಮೋಟ್ ಕೆಳಗಿಡಿ. ನಾಳೆ ರಾತ್ರಿ ಗುಂಜಿಯಿಂದಲೇ ಹೊರಡಬಹುದು.